ಮನೆಯಲ್ಲೇ ಇರುವ ಎಂಜಿನಿಯರು



ಈ ಸಲ ಬಂದ ಕಾಗದಗಳ ಪೈಕಿ ಒಂದನ್ನು ಬೇರೆಯಾಗಿ ಎತ್ತಿಟ್ಟುಕೊಂಡೆ. ಗುಬ್ಬಿ ತಾಲ್ಲೂಕು ನಿಟ್ಟೂರಿನ ಸೋದರಿಯೊಬ್ಬರದು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ನಾಲ್ಕು ಹಾಳೆ, ಎರಡೂ ಮಗ್ಗುಲು ತುಂಬಿಸಿ ಬರೆದಿದ್ದಾರೆ. ಅದರ ಸಾರ ಇಷ್ಟು.

ಯಜಮಾನರಿಗೆ ನಲವತ್ತೈದು. ತುಮಕೂರಿನಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಸಾಫ್ಟ್‌ವೇರ್ ಕೆಲಸ. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಆಫೀಸುಗಳು ಮುಚ್ಚಿದಾಗ ಸಂಸಾರ ಸಮೇತ ಮಾವನವರ ಮನೆಗೆ ಬಂದರು. ಎರಡು ತಿಂಗಳ ಮಟ್ಟಿಗೆ ಅಂತ ಬಂದವರು ಅಲ್ಲೇ ನಿಂತರು. ಈಗ ವಾರಕ್ಕೆ ಎರಡು ದಿನ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುತ್ತಾರೆ, ಉಳಿದ ದಿನ ನಡುಮನೆಯ ಮೂಲೆಯಲ್ಲಿ ಕಂಪ್ಯೂಟರು. ಮಿಕ್ಕ ಹೊತ್ತೆಲ್ಲ ರಿಪೇರಿ. ಮೊದಲು ಸೂರಿನ ಹೆಂಚು, ಆಮೇಲೆ ಜಗಲಿ, ಆಮೇಲೆ ಹಜಾರದ ಗೋಡೆ. ಯಾವುದೂ ಪೂರ್ತಿ ಮುಗಿದಿಲ್ಲ. ಹಿತ್ತಲಿನ ಕೊಟ್ಟಿಗೆಯಲ್ಲಿ ಮಾವನವರ ಯೆಜ್ಡಿ ಬೈಕು, ತೋಟಕ್ಕೆ ಓಡಾಡುತ್ತಿದ್ದ ಟಿವಿಎಸ್ 50, ಜೊತೆಗೆ ಗುಜರಿಯಿಂದ ತಂದ ಲೂನಾ ಬೇರೆ. "ಅಕ್ಕಾ, ಬೈಕಿಗೆ ತಗಡಿನ ಸೂರು ಬಂತು, ನನ್ನ ಒಗೆಯೋ ಕಲ್ಲು ಇನ್ನೂ ಬಿಸಿಲಲ್ಲೇ ಇದೆ" ಅಂತ ಬರೆದಿದ್ದಾರೆ. ಓದಿ ನಗು ಬಂತು. ಮುಂದಿನ ಹಾಳೆ ತಿರುಗಿಸಿದಾಗ ನಗು ಹೋಯಿತು.

ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರನ್ನು ಕಂಪನಿಯವರು ಕಳಿಸಿಬಿಟ್ಟರಂತೆ. ಯಜಮಾನರು ಈಕೆಗೆ ಹೇಳಲಿಲ್ಲ, ಫೋನಿನಲ್ಲಿ ಮಾತಾಡುವಾಗ ಕಿವಿಗೆ ಬಿತ್ತು. "ರಾತ್ರಿ ಹನ್ನೊಂದಕ್ಕೆ ಎದ್ದು ಹೋಗಿ ಬೈಕಿನ ಹತ್ತಿರ ಕೂತಿರ್ತಾರೆ. ಕೇಳಿದರೆ ಏನೂ ಇಲ್ಲ ಅಂತಾರೆ. ಈ ಖರ್ಚನ್ನೆಲ್ಲ ನಿಲ್ಲಿಸಿ ಅಂತ ಹೇಳಲೋ ಬೇಡವೋ, ನೀವೇ ಹೇಳಿ."

ಇದು ನಿಟ್ಟೂರಿನ ಒಂದು ಮನೆಯ ಮಾತಲ್ಲ. ತಿಪಟೂರು, ಚಿಕ್ಕನಾಯಕನಹಳ್ಳಿ, ಕುಣಿಗಲ್, ಯಾವ ಊರಿಗೆ ಹೋದರೂ ಮಗನೋ ಅಳಿಯನೋ "ಸಾಫ್ಟ್‌ವೇರಿನಲ್ಲಿದ್ದಾನೆ" ಅನ್ನುವ ಮನೆ ಸಿಗುತ್ತೆ. ನಮ್ಮ ಜಿಲ್ಲೆಗೆ ಎಂಜಿನಿಯರಿಂಗ್ ಹೊಸದೂ ಅಲ್ಲ. ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯ ಶುರುವಾದದ್ದು 1963ರಲ್ಲಿ, ಸಿದ್ಧಾರ್ಥ ಕಾಲೇಜು 1979ರಲ್ಲಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿಗೆ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು ಅಡಿಪಾಯ ಹಾಕಿದ್ದು 1978ರ ಸುಮಾರಿಗೆ. 1983ರಲ್ಲಿ ಇನ್ಫೋಸಿಸ್ ಪುಣೆ ಬಿಟ್ಟು ಬೆಂಗಳೂರಿಗೆ ಬಂತು, 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು. ಅಲ್ಲಿಂದಾಚೆಗೆ ನಮ್ಮ ತೆಂಗಿನ ತೋಟದ ಮಕ್ಕಳಿಗೆ ಬೆಂಗಳೂರಿನ ದಾರಿ ಸಲೀಸಾಯಿತು. ಬರೀ ಸಲೀಸಲ್ಲ, ಅದೊಂದೇ ದಾರಿ ಅನ್ನುವ ಹಾಗಾಯಿತು.

ಆದರೆ ಆ ಕೆಲಸ ಎಂಥದ್ದು ಅಂತ ಮನೆಯವರಿಗೆ ಗೊತ್ತಾಗೋದು ಕಷ್ಟ ನೋಡಿ. ಬಡಗಿ ಕೆಲಸ ಮುಗಿಸಿದರೆ ಬಾಗಿಲು ಕಾಣುತ್ತೆ. ನಾವು ಬೆಳಿಗ್ಗೆ ಐದಕ್ಕೆ ಎದ್ದರೆ ಎಂಟಕ್ಕೆ ತಿಂಡಿ ಕಾಣುತ್ತೆ. ಇವರದು ಯಾವುದೋ ದೇಶದ ಯಾವುದೋ ಬ್ಯಾಂಕಿನ ಲೆಕ್ಕ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಅಂತ ನಾಲ್ಕು ದಿನ ಹುಡುಕಿ, ಒಂದು ಸಾಲು ತಿದ್ದಿ, ಅದು ಸರಿಹೋದರೆ ಯಾರ ಕಣ್ಣಿಗೂ ಕಾಣುವುದಿಲ್ಲ. ಕೆಟ್ಟರೆ ಮಾತ್ರ ರಾತ್ರಿ ಒಂದು ಗಂಟೆಗೆ ಫೋನು. ಎರಡು ವರ್ಷ ದುಡಿದು ಕಟ್ಟಿದ್ದನ್ನು "ಇದು ಬೇಡ" ಅಂತ ಒಂದೇ ಮೀಟಿಂಗಿನಲ್ಲಿ ಎತ್ತಿಡುವುದೂ ಉಂಟು. ಹಾಗೆ ದುಡಿದ ಮನುಷ್ಯನ ಕೈಗೆ ಒಂದು ಸ್ಪ್ಯಾನರು ಸಿಕ್ಕಿ, ತಿರುಗಿಸಿದ್ದು ತಿರುಗಿ, ಕಿಕ್ಕರ್ ಒದ್ದರೆ "ಡುಗ್" ಅಂತ ಸದ್ದು ಬಂದರೆ ಎಷ್ಟು ನೆಮ್ಮದಿಯೋ ಯೋಚಿಸಿ.

ಯೆಜ್ಡಿ ಅಂದರೆ ನಮ್ಮವರಿಗೆ ಸ್ವಲ್ಪ ಹೆಚ್ಚಿನ ಪ್ರೀತಿಯೂ ಇದೆ, ಅದು ನಮ್ಮ ಮೈಸೂರಿನದು. ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿ 1961ರಲ್ಲಿ ಶುರುವಾಯಿತು. ಉದ್ಘಾಟನೆ ಮಾಡಿದವರು ಜಯಚಾಮರಾಜೇಂದ್ರ ಒಡೆಯರು. ಮೊದಲು ಜಾವಾ, 1973ರಿಂದ ಯೆಜ್ಡಿ ಅಂತ ಹೆಸರು. 1996ರಲ್ಲಿ ಬೀಗ ಬಿತ್ತು. ಕಾರ್ಖಾನೆ ಮುಚ್ಚಿದರೂ ಗಾಡಿಗಳು ಸಾಯಲಿಲ್ಲ. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಅಂತ ಬೆಂಗಳೂರಿನಲ್ಲಿ ಹಳೇ ಗಾಡಿಯವರೆಲ್ಲ ಸೇರುತ್ತಾರೆ, ಹೆಣ್ಣು ನೋಡುವ ಶಾಸ್ತ್ರಕ್ಕೆ ಬಂದವರ ಹಾಗೆ ಒಬ್ಬರ ಗಾಡಿ ಇನ್ನೊಬ್ಬರು ಸುತ್ತಿ ಸುತ್ತಿ ನೋಡುತ್ತಾರೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಗಾಡಿಗಳು ಬೇರೆ ಕಂಪನಿಯಿಂದ ಬಂದವು. ಹಳೆಯದನ್ನು ಇಟ್ಟುಕೊಂಡವರು ಅದನ್ನು ಬಿಟ್ಟು ಇದನ್ನು ತಗೊಳ್ಳಲಿಲ್ಲ, ಅಷ್ಟೇ.

ಆ ಗಾಡಿಯೇ ಒಂದು ವಿಚಿತ್ರ. ಕಿಕ್ಕರೂ ಗೇರೂ ಒಂದೇ ಸಲಾಕೆ, ಅದೂ ಎಡಗಡೆ. ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು. ಹೊಗೆ ಬಿಡುತ್ತೆ. ಎರಡು ತಿಂಗಳು ನಿಲ್ಲಿಸಿದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲು ಅಂಟಾಗಿ ಕೂರುತ್ತೆ. ಗಾಬರಿ ಬೇಡ, ಇದು ನಮಗೆ ಗೊತ್ತಿಲ್ಲದ ವಿದ್ಯೆ ಅಲ್ಲ. ಪಂಪ್ ಸ್ಟೌವ್ ಜ್ಞಾಪಕ ಇದೆಯಲ್ಲ? ನಿಪ್ಪಲಿನ ತೂತು ಕಟ್ಟಿಕೊಂಡರೆ ಉರಿ ಹಳದಿಯಾಗಿ ಭುಗ್ ಭುಗ್ ಅನ್ನುತ್ತಿತ್ತು. ಪಿನ್ನು ಹಾಕಿದ ಕೂಡಲೇ ನೀಲಿ ಉರಿ. ಕಾರ್ಬೊರೇಟರಿನ ಜೆಟ್ ಅಂದರೂ ಅದೇ, ಕೂದಲೆಳೆಯಂಥ ತೂತು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಇರುವುದರಿಂದ ಹಳೇ ಗಾಡಿಯ ರಬ್ಬರು ಬೇಗ ಹಾಳಾಗುತ್ತೆ, ತೇವವನ್ನೂ ಎಳೆದುಕೊಳ್ಳುತ್ತೆ. ಆದ್ದರಿಂದ ನಿಲ್ಲಿಸುವ ಮುಂಚೆ ಟ್ಯಾಂಕು ಬಸಿದು ಇಡಿ ಅಂತ ಯಜಮಾನರಿಗೆ ಹೇಳಿ. ಹೇಳಿ ನೋಡಿ, ಅವರ ಮುಖದಲ್ಲಿ ಆಶ್ಚರ್ಯ ಕಾಣದೇ ಇದ್ದರೆ ಕೇಳಿ!

ಇನ್ನು ನಿಜವಾದ ವಿಷಯಕ್ಕೆ ಬರೋಣ. ಆ ಸೋದರಿಯ ಕಾಗದದ ಎರಡನೇ ಹಾಳೆಯಲ್ಲಿ ಒಂದು ಸಾಲು ಇದೆ. "ಮಾವನವರು 2021ರ ಮೇ ತಿಂಗಳಲ್ಲಿ ಹೋದರು, ಆಸ್ಪತ್ರೆಯಿಂದ ಮನೆಗೆ ತರೋಕೂ ಬಿಡಲಿಲ್ಲ." ಅಷ್ಟು ಬರೆದು ಮುಂದಿನ ಸಾಲಿನಲ್ಲಿ ಹೆಂಚಿನ ಖರ್ಚಿಗೆ ಹೋಗಿಬಿಟ್ಟಿದ್ದಾರೆ. ವರ್ಷದ ತಿಥಿ ಮುಗಿದ ಮಾರನೇ ವಾರ ಯಜಮಾನರು ಏಣಿ ಹಾಕಿ ಸೂರು ಹತ್ತಿದರು ಅಂತಲೂ ಅವರೇ ಬರೆದಿದ್ದಾರೆ. ತಂಗೀ, ನೀವು ಬರೆದದ್ದನ್ನು ನೀವೇ ಇನ್ನೊಂದು ಸಲ ಓದಿ. ಅಪ್ಪ ಕಟ್ಟಿದ ಮನೆ, ಅಪ್ಪ ಓಡಿಸಿದ ಬೈಕು, ಅಪ್ಪ ತೋಟಕ್ಕೆ ಹೋಗುತ್ತಿದ್ದ ಟಿವಿಎಸ್. ಇದನ್ನು ಶೋಕಿ ಅಂತ ಕರೆಯೋಕೆ ನನಗೆ ಮನಸ್ಸು ಬರಲಿಲ್ಲ. ಲೂನಾ ಮಾತ್ರ ಶೋಕಿಯೇ, ಅದನ್ನು ಬೇಕಾದರೆ ಗುಜರಿಗೆ ವಾಪಸ್ಸು ಕಳಿಸಿ.

ಆದರೆ ದುಃಖಕ್ಕೂ ದುಡ್ಡು ಖರ್ಚಾಗುತ್ತೆ. ಇಲ್ಲಿಯವರೆಗೆ ಆರು ಲಕ್ಷ ಹೋಗಿದೆ ಅಂತೀರಿ. ಬೈಕುಗಳದ್ದು ಎಲ್ಲ ಸೇರಿ ಎಪ್ಪತ್ತು ಸಾವಿರ ದಾಟಿಲ್ಲ ಅಂತೀರಿ. ಹಾಗಾದರೆ ನಿಮ್ಮ ಕಣ್ಣಿಗೆ ಬೈಕು ಕುಟುಕುತ್ತಿದೆ, ಹಣ ಹರಿದದ್ದು ಮಾತ್ರ ಮನೆಗೆ. ಆ ಮನೆಯ ಖಾತೆ ಯಾರ ಹೆಸರಿನಲ್ಲಿದೆ? ಇವತ್ತಿಗೂ ಮಾವನವರ ಹೆಸರಿನಲ್ಲಿ. ಅತ್ತೆಯವರು ಇದ್ದಾರೆ, ಒಬ್ಬ ಮೈದುನ ಶಿವಮೊಗ್ಗದಲ್ಲಿ, ಇಬ್ಬರು ನಾದಿನಿಯರು ಮದುವೆಯಾಗಿ ಹೋಗಿದ್ದಾರೆ.

ಸೋದರಿಯರೇ, ಇದನ್ನು ಸ್ವಲ್ಪ ಗಮನವಿಟ್ಟು ಓದಿ, ಎಷ್ಟೋ ಮನೆಗಳಲ್ಲಿ ಜಗಳ ಹುಟ್ಟುವುದು ಇಲ್ಲೇ. ಮಾವನವರು ಉಯಿಲು ಬರೆಯದೆ ತೀರಿಕೊಂಡಿದ್ದರೆ, ಮನೆ ಅವರ ಸ್ವಂತ ಸಂಪಾದನೆಯದಾದರೆ ಅತ್ತೆಯವರಿಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಭಾಗ. ಪಿತ್ರಾರ್ಜಿತವಾದರೂ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು. ನಮ್ಮ ಕರ್ನಾಟಕ ಇದನ್ನು 1994ರಲ್ಲೇ ತಂದಿತ್ತು, ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಬಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. ಆ ತಿದ್ದುಪಡಿ ಬಂದಾಗ ತಂದೆ ಬದುಕಿರಬೇಕಿತ್ತೋ ಇಲ್ಲವೋ ಅನ್ನುವ ಗೊಂದಲಕ್ಕೆ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಇರಬೇಕಾಗಿಲ್ಲ ಅಂತ ತೆರೆ ಎಳೆಯಿತು. ನಾದಿನಿಯರಿಗೆ ಪಾಲು ಬರುತ್ತಲ್ಲಾ ಅಂತ ಮುಖ ಗಂಟಿಕ್ಕಬೇಡಿ. ನಿಮ್ಮ ತವರಿನಲ್ಲಿ ನೀವೂ ನಾದಿನಿಯೇ.

ಯಜಮಾನರು ಪ್ರೀತಿಯಿಂದ ಹಾಕಿದ ಆರು ಲಕ್ಷ ಐದು ಜನರ ಆಸ್ತಿಯಲ್ಲಿ ಸೇರಿಹೋಗಿದೆ. ನಾಳೆ ಭಾಗ ಆಗುವಾಗ "ನಾನು ಹೆಂಚು ಹೊದಿಸಿದೆ" ಅಂದರೆ "ನೀನು ಐದು ವರ್ಷ ಬಾಡಿಗೆ ಇಲ್ಲದೆ ಇದ್ದೆಯಲ್ಲ" ಅನ್ನುವ ಮಾತು ಬರುತ್ತೆ. ಬರದೇ ಇರುವ ಮನೆ ನಾನು ಕಂಡಿಲ್ಲ. ಆದ್ದರಿಂದ ಇನ್ನೊಂದು ಚೀಲ ಸಿಮೆಂಟು ತರುವ ಮುಂಚೆ ಹಬ್ಬಕ್ಕೋ ತಿಥಿಗೋ ಎಲ್ಲರೂ ಸೇರಿದಾಗ ಕೂತು ಮಾತಾಡಲಿ. ಖರ್ಚಿನ ಚೀಟಿಗಳನ್ನು ಒಂದು ಕವರಿನಲ್ಲಿ ಹಾಕಿಡಿ. ಮನೆ ಇವರೇ ಇಟ್ಟುಕೊಳ್ಳುವುದು, ಉಳಿದವರಿಗೆ ಇಷ್ಟು ಅಂತ ಒಪ್ಪಿಗೆಯಾದರೆ ಅದನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಆಮೇಲೆ ಪಂಚಾಯ್ತಿಯಲ್ಲಿ ಖಾತೆ ಬದಲಾವಣೆ, ಇ-ಸ್ವತ್ತಿನ ನಮೂನೆ. ಬರೀ ಖಾತೆ ಬದಲಾಯಿಸಿಕೊಂಡರೆ ಒಡೆತನ ಬಂತು ಅಂತ ತಿಳಿಯಬೇಡಿ, ಖಾತೆ ಕಂದಾಯಕ್ಕೆ. ಈ ಮಾತನ್ನು ನೀವು ಎತ್ತಬೇಡಿ, "ಸೊಸೆ ಎತ್ತಿದಳು" ಅಂತಾಗುತ್ತೆ. ಅತ್ತೆಯವರ ಕಿವಿಗೆ ಹಾಕಿ, ಅವರ ಬಾಯಲ್ಲೇ ಬರಲಿ. ನಿಮ್ಮ ಅತ್ತೆಯವರು ತೂಕದ ಹೆಂಗಸು ಅಂತ ಕಾಗದದಲ್ಲೇ ಗೊತ್ತಾಗುತ್ತೆ.

ಬೈಕಿನದೂ ಅದೇ ಕತೆ. ಆರ್‌ಸಿ ಪುಸ್ತಕ ಮಾವನವರ ಹೆಸರಿನಲ್ಲೇ ಇದ್ದರೆ, ತೀರಿಕೊಂಡ ಮೂರು ತಿಂಗಳೊಳಗೆ ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕಿತ್ತು. ಈಗ ತಡವಾಗಿದೆ, ಸ್ವಲ್ಪ ದಂಡ ಬೀಳಬಹುದು, ಆದರೂ ಮಾಡಿಸಲೇಬೇಕು. ಗಾಡಿಗೆ ಹದಿನೈದು ವರ್ಷ ಆದಮೇಲೆ ಐದೈದು ವರ್ಷಕ್ಕೆ ನವೀಕರಣ. ಅದರ ಶುಲ್ಕ 2022ರ ಏಪ್ರಿಲ್‌ನಿಂದ ಮುನ್ನೂರರಿಂದ ಸಾವಿರಕ್ಕೆ ಏರಿತು, ಇಪ್ಪತ್ತು ವರ್ಷ ದಾಟಿದ ಗಾಡಿಗೆ 2025ರಿಂದ ಇನ್ನೂ ಹೆಚ್ಚು. ಥರ್ಡ್ ಪಾರ್ಟಿ ವಿಮೆ ಇಲ್ಲದೆ ರಸ್ತೆಗೆ ಇಳಿಸಬಾರದು. ಯಾರಿಗಾದರೂ ತಾಗಿದರೆ ಆಗ ಹೋಗುವುದು ಬೈಕಲ್ಲ, ತೋಟ.

ನೌಕರಿಯ ಭಯದ ಮಾತು. ಭಯ ಸುಳ್ಳಲ್ಲ. 2025ರ ಜುಲೈಯಲ್ಲಿ ಟಿಸಿಎಸ್‌ನವರು ಸುಮಾರು ಹನ್ನೆರಡು ಸಾವಿರ ಜನರನ್ನು ಕಡಿಮೆ ಮಾಡುತ್ತೇವೆ ಅಂತ ಪ್ರಕಟಿಸಿದಾಗ, ಹೆಚ್ಚಾಗಿ ಮಧ್ಯದ ಮತ್ತು ಮೇಲಿನ ದರ್ಜೆಯವರು ಅಂತಲೇ ಹೇಳಿದ್ದರು. ಅಂದರೆ ಹೊಸ ಹುಡುಗರಲ್ಲ, ನಿಮ್ಮ ಯಜಮಾನರ ವಯಸ್ಸಿನವರು. ಕೆಲಸ ಹೋಗುವುದನ್ನು ನಮ್ಮ ಜಿಲ್ಲೆ ಮೊದಲೂ ನೋಡಿದೆ. ತುಮಕೂರಿನ ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಅಂದರೆ ಒಂದು ಕಾಲಕ್ಕೆ ಹೆಣ್ಣು ಕೊಡುವವರು ಸಾಲು ನಿಲ್ಲುತ್ತಿದ್ದರು. 2016ರಲ್ಲಿ ಅದು ಮುಚ್ಚಿತು. ಅದೇ 2016ರ ಜನವರಿಯಲ್ಲಿ ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಗೆ ಶಂಕುಸ್ಥಾಪನೆಯಾಯಿತು, 615 ಎಕರೆ. 2023ರ ಫೆಬ್ರವರಿಯಲ್ಲಿ ಉದ್ಘಾಟನೆ. ಒಂದು ಬಾಗಿಲು ಮುಚ್ಚಿದವರಿಗೇ ಇನ್ನೊಂದು ತೆರೆಯಿತು ಅಂತ ನಾನು ಹೇಳುತ್ತಿಲ್ಲ. ಗಡಿಯಾರದವರು ಬೇರೆ, ಹೆಲಿಕಾಪ್ಟರಿನವರು ಬೇರೆ.

"ನಿಮ್ಮ ಕೆಲಸ ಹೋಗುತ್ತಾ?" ಅಂತ ಕೇಳಬೇಡಿ. ಆ ಪ್ರಶ್ನೆಗೆ ಗಂಡಸರು "ಏನೂ ಇಲ್ಲ" ಅನ್ನದೆ ಬೇರೆ ಉತ್ತರ ಕೊಟ್ಟದ್ದು ನಾನು ಕಾಣೆ. ಕಾಗದಪತ್ರ ಕೇಳಿ. ಭವಿಷ್ಯನಿಧಿಯಲ್ಲಿ ನಾಮಿನಿ ಯಾರು ಅಂತ ಕೇಳಿ. ಮದುವೆಗೆ ಮುಂಚೆ ಅಪ್ಪನನ್ನೋ ಅಮ್ಮನನ್ನೋ ಹಾಕಿದ್ದರೆ, ಮದುವೆಯಾದ ಮೇಲೆ ಅದು ಊರ್ಜಿತವಲ್ಲ, ಹೊಸದಾಗಿ ಹಾಕಬೇಕು. ಇಪ್ಪತ್ತೆರಡು ವರ್ಷದಲ್ಲಿ ನಾಲ್ಕು ಕಂಪನಿ ಬದಲಾಯಿಸಿದ್ದಾರೆ ಅಂತೀರಿ, ಹಳೆಯ ಮೂರರ ಹಣ ಈಗಿನ ಖಾತೆಗೆ ಬಂದಿದೆಯೇ? ಈಗಿನ ಕಂಪನಿಯಲ್ಲಿ ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ ಬರುತ್ತೆ, ವರ್ಷಕ್ಕೆ ಹದಿನೈದು ದಿನದ ಮೂಲ ಸಂಬಳದ ಲೆಕ್ಕ. ತುಂಬೋಕೆ ನಾಲ್ಕು ತಿಂಗಳಿದೆ ಅಂದರೆ, ಸಿಟ್ಟಿನಲ್ಲಿ ರಾಜೀನಾಮೆ ಬರೆದುಕೊಡುವ ಕೈಯನ್ನು ಹಿಡಿಯಬೇಕಾದವರು ನೀವೇ.

ಎಲ್ಲಕ್ಕಿಂತ ಮುಖ್ಯ ಆಸ್ಪತ್ರೆಯ ವಿಮೆ. ಕಂಪನಿ ಕೊಟ್ಟ ವಿಮೆ ನೌಕರಿ ಇರುವವರೆಗೆ. ನೌಕರಿ ಹೋದ ದಿನ ಅದೂ ಹೋಯಿತು ಅಂತಲೇ ತಿಳಿಯಿರಿ. ಯಜಮಾನರಿಗೆ ಸಕ್ಕರೆ ಕಾಯಿಲೆ ಶುರುವಾಗಿದೆ ಅಂತ ಬರೆದಿದ್ದೀರಿ. ಈಗಲೇ ನಿಮ್ಮದೇ ಒಂದು ಪಾಲಿಸಿ ಮಾಡಿಸಿಬಿಡಿ. ಮೊದಲೇ ಇದ್ದ ಕಾಯಿಲೆಗೆ ವಿಮೆಯವರು ಕಾಯಿಸಬಹುದಾದ ಗರಿಷ್ಠ ಅವಧಿ 2024ರಿಂದ ಮೂರು ವರ್ಷ. ಆ ಮೂರು ವರ್ಷ ನೌಕರಿ ಇರುವಾಗಲೇ ಕಳೆದುಹೋಗಲಿ. ಕಾಯಿಲೆ ಮುಚ್ಚಿಟ್ಟು ಬರೆಯಬೇಡಿ, ಆಮೇಲೆ ಅದೇ ನೆಪ ಮಾಡಿ ಹಣ ಕೊಡುವುದಿಲ್ಲ. 2025ರ ಸೆಪ್ಟೆಂಬರಿನಿಂದ ಇಂಥ ಪಾಲಿಸಿಯ ಕಂತಿನ ಮೇಲೆ ಜಿಎಸ್‌ಟಿಯೂ ಇಲ್ಲ. ಹಜಾರದ ಗೋಡೆ ಒಂದು ವರ್ಷ ತಡವಾದರೆ ಯಾರೂ ಸಾಯುವುದಿಲ್ಲ.

ಗೋಡೆ ಅಂದ ಮೇಲೆ ಒಂದು ಮಾತು. ನಿಮ್ಮದು ಮಣ್ಣಿನ ಗೋಡೆ, ಕೆಳಗಡೆ ಉಪ್ಪು ಒಡೆದು ಉದುರುತ್ತೆ, ಮೇಸ್ತ್ರಿ ಸಿಮೆಂಟು ಬಳಿಯೋಣ ಅಂತಾರೆ ಅಂದಿರಿ. ಬಳಿಸಬೇಡಿ. ಮಣ್ಣಿನ ಗೋಡೆ ನೆಲದ ತೇವವನ್ನು ಎಳೆದುಕೊಂಡು ಹೊರಗೆ ಬಿಡುತ್ತಿರುತ್ತೆ. ಸಿಮೆಂಟು ಹಾಕಿದರೆ ತೇವ ಒಳಗೇ ಸಿಕ್ಕಿಕೊಂಡು ಎರಡು ಮಳೆಗಾಲದಲ್ಲಿ ಹಪ್ಪಳದ ಹಾಗೆ ಎದ್ದು ಬರುತ್ತೆ. ಸುಣ್ಣದ ಗಾರೆಯೇ ಸರಿ. ಅದಕ್ಕೂ ಮುಂಚೆ ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದ ಹಾಗೆ ಚರಂಡಿ ಆಚೆಗೆ ತೆಗೆಸಿ, ಅರ್ಧ ರೋಗ ಅಲ್ಲೇ ವಾಸಿ. ಮತ್ತೆ, ಕಂಪ್ಯೂಟರು, ನೀರು ಕಾಯಿಸುವ ಗೀಸರು, ಮಿಕ್ಸಿ ಎಲ್ಲ ಮಾವನವರ ಕಾಲದ ವೈರಿನ ಮೇಲೆ ನಡೆಯುತ್ತಿವೆ. ಅರ್ಥಿಂಗ್ ಸರಿ ಮಾಡಿಸಿ, ಮೀಟರಿನ ಪಕ್ಕ ಮೂವತ್ತು ಮಿಲಿ ಆಂಪಿಯರಿನ ಆರ್‌ಸಿಸಿಬಿ ಒಂದು ಹಾಕಿಸಿ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುವವರು ನಾವು ತಾನೇ? ಕರೆಂಟು ಮೈಗೆ ಹರಿದ ಕ್ಷಣದಲ್ಲೇ ಅದು ಕಡಿದು ಹಾಕುತ್ತೆ. ಎಂಜಿನಿಯರ್ ಯಜಮಾನರಿಗೆ ಇದು ಗೊತ್ತೇ ಇರುತ್ತೆ. ಮಾಡಿಸಿದ್ದಾರಾ ಅನ್ನೋದು ಬೇರೆ ಪ್ರಶ್ನೆ.

ಐದು ವರ್ಷದ ರಿಪೇರಿ ಪಟ್ಟಿಯಲ್ಲಿ ಅಡುಗೆಮನೆ ಒಂದೇ ಒಂದು ಸಲವೂ ಬಂದಿಲ್ಲ ಅನ್ನೋದನ್ನು ನಾನು ಗಮನಿಸಿದೆ, ಸೋದರಿಯರೇ. ನೀವೂ ಗಮನಿಸಿರುತ್ತೀರಿ. ಕಟ್ಟೆ ಅತ್ತೆಯವರ ಎತ್ತರಕ್ಕೆ ಕಟ್ಟಿದ್ದು, ನಿಮಗೆ ತಗ್ಗು, ಬಗ್ಗಿ ಬಗ್ಗಿ ಸೊಂಟ ನೋವು ಅಂತ ಕಾಗದದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ. ಯಾಕೆ ಅಂಚಿನಲ್ಲಿ? ನೇರವಾಗಿ ನಿಂತು ಮೊಳಕೈ ಮಡಿಸಿ, ಮೊಳಕೈಯಿಂದ ನಾಲ್ಕು ಅಂಗುಲ ಕೆಳಗೆ ಗೋಡೆಗೆ ಗೆರೆ ಎಳೆಯಿರಿ. ಕಟ್ಟೆ ಅಲ್ಲಿಗೆ ಬರಬೇಕು. ನಮ್ಮ ಹೆಂಗಸರಿಗೆ ಸಾಮಾನ್ಯವಾಗಿ ನೆಲದಿಂದ 32ರಿಂದ 34 ಅಂಗುಲ ಆಗುತ್ತೆ. ಈಗಿರುವ ಕಟ್ಟೆಯ ಮೇಲೆ ಒಂದು ವರಸೆ ಇಟ್ಟಿಗೆ ಏರಿಸಿ ಕಡಪಾ ಕಲ್ಲು ಹಾಸಿದರೆ ಸಾಕು, ಎರಡು ದಿನದ ಕೆಲಸ. "ಈ ಭಾನುವಾರ ಇದು" ಅಂತ ಹೇಳಿ. ಒಗೆಯೋ ಕಲ್ಲಿಗೆ ನೆರಳು ಮುಂದಿನ ಭಾನುವಾರ.

ಟಿವಿಎಸ್ ಬಗ್ಗೆ ನನ್ನದೊಂದು ಸಲಹೆ. 1980ರಲ್ಲಿ ಹೊಸೂರಿನಲ್ಲಿ ತಯಾರಾಗೋಕೆ ಶುರುವಾದಾಗ ಇಬ್ಬರು ಕೂರಬಹುದಾದ ಮೊಪೆಡ್ ಅಂತ ಅದಕ್ಕೆ ಹೆಸರು. ನಮ್ಮ ಕಡೆ ಇಬ್ಬರು ಯಾಕೆ, ಎರಡು ಚೀಲ ತೆಂಗಿನಕಾಯಿ ಮೇಲೆ ಒಬ್ಬರು ಕೂತು ಹೋಗೋದನ್ನು ಎಲ್ಲರೂ ನೋಡಿದ್ದೇವೆ. ಗೇರಿನ ತಾಪತ್ರಯ ಇಲ್ಲ. ಗುಬ್ಬಿಗೆ ಬ್ಯಾಂಕಿಗೆ ಹೋಗೋಕೂ ಬಸ್ಸು ಕಾಯಬೇಕು ಅಂತೀರಲ್ಲ, ಅದನ್ನು ನಿಮಗೆ ಅಂತ ರಿಪೇರಿ ಮಾಡಿಕೊಡೋಕೆ ಹೇಳಿ. ಕಲಿಸೋಕೂ ಹೇಳಿ. ಲೈಸೆನ್ಸು ಮಾಡಿಸಿ, ಹೆಲ್ಮೆಟ್ಟು ತನ್ನಿ. ಹಿಂದೆ ಕೂರುವವರಿಗೂ ನಮ್ಮ ರಾಜ್ಯದಲ್ಲಿ 2016ರಿಂದ ಹೆಲ್ಮೆಟ್ಟು ಕಡ್ಡಾಯ. ರಾತ್ರಿ ಹನ್ನೊಂದಕ್ಕೆ ಅವರು ಎದ್ದು ಹೋದಾಗ ಮಲಗಿ ಚಡಪಡಿಸುವ ಬದಲು ಎರಡು ಲೋಟ ಬಿಸಿ ಹಾಲು ತಗೊಂಡು ನೀವೂ ಹೋಗಿ, ಅಲ್ಲಿ ಟಾರ್ಚು ಹಿಡಿದು ನಿಲ್ಲಿ. ಏನೂ ಕೇಳಬೇಡಿ. ಕೈಯಲ್ಲಿ ಕೆಲಸ ಇರುವಾಗ ಗಂಡಸರ ಬಾಯಿ ತಾನಾಗಿ ಬಿಡುತ್ತೆ.

ಕೊನೆಗೆ ಕರೆಯ ವಿಷಯ, ಕೇಳಿದ್ದೀರಿ. ಎಂಜಿನ್ ಎಣ್ಣೆ ಬಿದ್ದ ಬಟ್ಟೆಯನ್ನು ನೀರಿಗೆ ಹಾಕಬೇಡಿ. ಮೊದಲು ಕಡಲೆಹಿಟ್ಟು ಉದುರಿಸಿ ಅರ್ಧ ಗಂಟೆ ಬಿಡಿ, ಒದರಿ. ಆಮೇಲೆ ಪಾತ್ರೆ ತೊಳೆಯೋ ಸೋಪಿನ ದ್ರವ ನೇರವಾಗಿ ಕರೆಯ ಮೇಲೆ ಹಚ್ಚಿ ಬೆರಳಲ್ಲಿ ಉಜ್ಜಿ ಬಿಸಿನೀರಿನಲ್ಲಿ ಒಗೆಯಿರಿ. ಒಂದೇ ಸಲಕ್ಕೆ ಹೋಗದಿದ್ದರೆ ಇನ್ನೊಮ್ಮೆ. ಕರೆ ಪೂರ್ತಿ ಹೋಗುವವರೆಗೆ ಇಸ್ತ್ರಿ ಮಾಡಬೇಡಿ, ಕಾವಿಗೆ ಕಚ್ಚಿಕೊಳ್ಳುತ್ತೆ. ಕೈಗೆ ಹತ್ತಿದ ಗ್ರೀಸಿಗೆ ಒಂದು ಚಮಚ ಸಕ್ಕರೆ, ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿದರೆ ಸಾಕು. ಪೆಟ್ರೋಲಿನಲ್ಲಿ ಕೈ ತೊಳೆಯೋದು ಕೆಟ್ಟ ಅಭ್ಯಾಸ, ಬಿಡಿಸಿ. ಪೆಟ್ರೋಲಿನ ಚಿಂದಿಬಟ್ಟೆ, ಬಾಟಲಿ ಯಾವುದೂ ಗ್ಯಾಸ್ ಸಿಲಿಂಡರ್ ಇರೋ ಕಡೆ ಸುಳಿಯಕೂಡದು.

ಮುಂದಿನ ಸಂಚಿಕೆಯಲ್ಲಿ ತಿಪಟೂರಿನ ಸೋದರಿ ಕೇಳಿರುವ ಕೊಬ್ಬರಿ ಮಿಠಾಯಿಯ ಪಾಕದ ಹದ, ಮಳೆಗಾಲದಲ್ಲಿ ಕೊಬ್ಬರಿಗೆ ಬೂಷ್ಟು ಹಿಡಿಯದಂತೆ ಇಡುವ ಬಗೆ.